ಮಚ್ಚೇಂದ್ರ ಮುತ್ಯಾನ ಹಿಂದೆ ಬಂದ ಎಮ್ಮೆ

"ಮಮ್ಮಿ, ಮಚ್ಚೇಂದ್ರ ಮುತ್ಯಾ ಬಾಯಿ ತೆರೀದೇ ಎಮ್ಮಿ ಕೂಡ ಹ್ಯಾಂಗ ಮಾತಾಡ್ತಾನ?" ಎಂದು ಸ್ನೇಹಲ್ ಕೇಳಿದಾಗ ಅವಳ ತಲೆ ಬಾಚುತ್ತಿದ್ದೆ. ಉತ್ತರ ನನಗೆ ಗೊತ್ತಿತ್ತು. ಮುತ್ಯಾನ ಪುಸ್ತಕ ಟೈಪ್ ಮಾಡಿದವಳು ನಾನೇ.

ಮುತ್ಯಾ ಘಾಟಬೋರಾಳದವರು. ಐವತ್ತು ವರ್ಷ ಬಕ್ಕಪ್ಪ ಸಾವ್ಕಾರರ ಮನೆಯ ಎಮ್ಮೆ ಕಾಯ್ದವರು. ಹುಮನಾಬಾದ್ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಝೆರಾಕ್ಸ್ ಅಂಗಡಿಗೆ ಎರಡು ನೋಟ್‌ಬುಕ್ ಹಿಡಿದು ಬಂದಿದ್ದರು. "ತಂಗಿ, ನಾ ಬರ್ದದ್ದು ತಪ್ಪಿದ್ರ ತಿದ್ದು. ಎಮ್ಮಿ ಹೇಳಿದ್ದು ಮಾತ್ರ ತಿದ್ದಬ್ಯಾಡ."

ಅಚ್ಚಾದದ್ದು ನಲವತ್ತು ಪುಟ, ಸಾರ ಇಷ್ಟೇ. ಎಮ್ಮೆಯ ಎಡಕ್ಕೆ ನಿಂತು ಉಸಿರು ನಿಧಾನ ಮಾಡಬೇಕು. ಅದು ಕಿವಿ ಸಡಿಲ ಬಿಡುವವರೆಗೆ ಕಾಯಬೇಕು. ಆಮೇಲೆ ಹಗ್ಗ ಬಿಟ್ಟು, ತಿರುಗಿ ನೋಡದೆ ನಡೆದರೆ ತಾನಾಗಿ ಹಿಂದೆ ಬರುತ್ತದೆ.

"ಎಮ್ಮಿ ಕಾಯಾಂವ ಸಾಹಿತಿ ಆದ! ಎಮ್ಮಿಗೂ ಸನ್ಮಾನ ಮಾಡ್ರಿ, ಶಾಲು ಸಾಲಂಗಿಲ್ಲ ಅಷ್ಟ" ಎಂದು ಬಕ್ಕಪ್ಪ ಊರನ್ನೆಲ್ಲ ನಗಿಸಿದರು.

ಈ ಬೇಸಿಗೆಯಲ್ಲಿ ಕರಿ ಎಂಬ ಎಮ್ಮೆಗೆ ಕೆಚ್ಚಲುಬಾವು ಬಂದು ಹಾಲು ನಿಂತಿತು. ಹುಟ್ಟಿದ ದಿನದಿಂದ ಅದನ್ನು ಸಾಕಿದವರು ಮುತ್ಯಾ. ಬಕ್ಕಪ್ಪ ಅದನ್ನು ಕಸಾಯಿಖಾನೆಗೆ ಸಾಗಿಸುವ ದೇವಿದಾಸನಿಗೆ ಮಾರಿದರು. ಲಾರಿ ಬಂತು. ನಾಲ್ಕು ಜನ ಎಳೆದರೂ, ಬಾಲ ತಿರುಚಿದರೂ ಕರಿ ಲಾರಿಗೆ ಒರಗಿಸಿದ ಹಲಗೆ ಹತ್ತಲಿಲ್ಲ. ಓಡಿ ಬಂದ ಮುತ್ಯಾ ಬಕ್ಕಪ್ಪನ ಕಾಲು ಹಿಡಿದರು. ಅವರು ಕರಗಲಿಲ್ಲ. ಕೊನೆಗೆ ತಾವೇ ಹಲಗೆ ಹತ್ತಿ ಲಾರಿಯೊಳಗೆ ಅಡ್ಡ ನಿಂತುಬಿಟ್ಟರು, ತಾವು ಜಾಗ ಬಿಡದಿದ್ದರೆ ಕರಿಯನ್ನು ಹೇಗೆ ತುಂಬುತ್ತಾರೆ ಎಂದು.

ಕರಿ ಅವರನ್ನು ನೋಡಿತು. ಕಿವಿ ಸಡಿಲ ಬಿಟ್ಟಿತು. ಯಾರೂ ಎಳೆಯದೆ ಹಲಗೆ ಹತ್ತಿ ಅವರ ಬೆನ್ನಿಗೆ ಮೂತಿ ಇಟ್ಟಿತು.

"ಭಲೇ ಕಾಕಾ! ಬಡಿಗಿ ಬೇಕಾಗ್ಲೇ ಇಲ್ಲ ನೋಡ್ರಿ" ಎಂದು ದೇವಿದಾಸ ನಕ್ಕ. ಮುತ್ಯಾನನ್ನು ಕೆಳಗೆಳೆದು ಬಾಗಿಲು ಹಾಕಿದರು. "ಇದರ ಗಂಡುಕರಾ ಮುಂದಿನ ವಾರ ಒಯ್ತೀನಿ. ಅದನ್ನೂ ನೀವ ಹತ್ತಸ್ರಿ."

ಇದನ್ನೆಲ್ಲ ಮುತ್ಯಾ ಇವತ್ತು ಅಂಗಡಿಯಲ್ಲಿ ಕೂತು ಹೇಳಿದರು. ತರಿಸಿದ ಚಹಾ ಮುಟ್ಟಲಿಲ್ಲ.

"ಆ ಕರಾ ನಾವ ಕೊಂಡ್ರ ಹ್ಯಾಂಗ ಮುತ್ಯಾ?" ಎಂದೆ.

"ಕೇಳೀನಿ. ನಿನಗ ಮಾರಿದ್ರ ನನ್ನ ಮರ್ಯಾದಿ ಹೋಗ್ತದ ಅಂದ್ರು ಸಾವ್ಕಾರ್ರು. ಎರಡು ಸಲ ಹಗ್ಗ ಬಿಚ್ಚಿ ಗುಡ್ಡದ ಆಚಿ ಬಿಟ್ಟು ಬಂದೆ. ಬೈದೆ, ಓಡಿಸಿದೆ. ಎರಡೂ ಸಲ ನನ್ನ ಹಿಂದ ಬಂದು ಹಟ್ಟಿ ಸೇರೇದ."

ಹೋಗಲು ಎದ್ದವರು ಬಾಗಿಲಲ್ಲಿ ತಿರುಗಿ ನಿಂತರು.

"ಹೊಡೀಲಾಕ ಬಡಿಗಿ ಎತ್ತಿದೆ ತಂಗಿ, ಕೈ ಬರವಲ್ದು. ನಾಳಿ ನೀ ಬಂದು ಹೊಡಿ. ನಾ ಬಾಜೂಕ ನಿಂತಿರ್ತೀನಿ, ನಾನೇ ಹೊಡಸಾಕತ್ತೀನಂತ ಅದಕ್ಕ ತಿಳೀಬೇಕು, ಅಂದ್ರ ನನ್ನ ಹಿಂದ ಬರೂದು ಬಿಡ್ತದ. ನಾ ಸಾಕು ಅಂದ್ರೂ ನಿಲ್ಲಸಬ್ಯಾಡ."