ಕೆಂಪು ಚುಕ್ಕಿಯ ಮೈಕು

ಮೈಕಿನ ಕಾಕಾನ ಅಂಗಿ ಇಡಿಯಾಗಿದ್ದದ್ದನ್ನು ನಾನು ನೋಡಿಲ್ಲ. ಎದೆಯಿಂದ ಹೊಟ್ಟೆಯವರೆಗೆ ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು ತೂತುಗಳು. ಪ್ರತಿ ತೂತಿಗೂ ಕಂದು ಅಂಚು. ಬ್ಯಾಟರಿಯ ಆ್ಯಸಿಡ್ ಸಿಡಿದು ಆದವು. ಹೊಸ ಅಂಗಿ ಹೊಲಿಸಿದರೆ ಮೊದಲ ಸಭೆಯವರೆಗೆ ಮಾತ್ರ ಅದು ಹೊಸದು. ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಹಳೆಯ ಅಂಗಿಗಳನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ, ಹಿಟ್ಟು ಸಾಣಿಸಲು ಬರುತ್ತವೆ ಎಂದು ಆಕೆ ಗಂಡನ ಎದುರಿಗೇ ಹೇಳುತ್ತಿದ್ದರು.

ಬಾಗೇವಾಡಿಯ ಪೇಟೆಯಲ್ಲಿ ಕಾಕಾನ ಅಂಗಡಿ. ದನಿ ಹೊರಡುವ ಎರಡು ಭೋಂಗಾ, ಅದನ್ನು ಏರಿಸುವ ಒಂದು ಮಷಿನ್, ಒಂದಿಷ್ಟು ಬ್ಯಾಟರಿ. ಮದುವೆ, ಪುರಾಣ, ಕುಸ್ತಿ, ಚುನಾವಣೆ, ಎಲ್ಲದಕ್ಕೂ ಅವರದೇ ಮೈಕು. ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಕರೆಂಟ್ ಬಂದಿರಲಿಲ್ಲ. ಬಂದ ಊರುಗಳಲ್ಲೂ ಮಂತ್ರಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಹಾಗಾಗಿ ಇಡೀ ರಾಜಕಾರಣ ಕಾಕಾನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅವರು ಮನುಷ್ಯರನ್ನು ಅಳೆಯುತ್ತಿದ್ದುದೂ ಅದರಿಂದಲೇ, ಯಾರ ಮಾತಿಗೆ ಎಷ್ಟು ಬ್ಯಾಟರಿ ಇಳಿಯಿತು ಎಂದು. ಒಬ್ಬ ಮಂತ್ರಿ ಅರ್ಧ ಬ್ಯಾಟರಿ ಮನುಷ್ಯ, ಒಬ್ಬ ಸ್ವಾಮಿಗಳು ಪೂರಾ ಬ್ಯಾಟರಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದು ಬಂದ ನಾನು ಅವರ ಲೆಕ್ಕದಲ್ಲಿ ಕಾಲು ಬ್ಯಾಟರಿ. ಭಾಷಣ ಶುರುವಾಗುತ್ತಲೇ ಮಷಿನ್ನಿಗೆ ಬೆನ್ನು ಕೊಟ್ಟು ನಿದ್ದೆ ಮಾಡುತ್ತಿದ್ದರು. ಆದರೆ ದನಿ ಒಡೆದರೆ ಕಣ್ಣು ಬಿಡುವ ಮೊದಲೇ ಕೈ ಗುಂಡಿಯ ಮೇಲಿರುತ್ತಿತ್ತು.

ದನಿ ಏರಿಸುವ ಆ ಗುಂಡಿಯ ಪಕ್ಕದಲ್ಲಿ ಒಂದು ಕೆಂಪು ಬಣ್ಣದ ಚುಕ್ಕಿ ಇಟ್ಟಿದ್ದರು. ಯಾರೇ ಮಾತಾಡಲಿ, ಗುಂಡಿ ಅಲ್ಲಿಯವರೆಗೆ, ಅಲ್ಲಿಂದ ಮುಂದಿಲ್ಲ. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು, ಚುಕ್ಕಿ ಒಂದೇ. ದೊಡ್ಡವರ ಕಡೆಯವರು ಬಂದು ಇನ್ನಷ್ಟು ಏರಿಸು ಎಂದು ಗದರಿಸಿದರೆ ಅವರದು ಯಾವಾಗಲೂ ಒಂದೇ ಉತ್ತರ.

“ಅಲ್ಲಿಂದ ಮ್ಯಾಲ ಹ್ವಾದ್ರ ದನಿ ದೊಡ್ಡದಾಗತೈತ್ರಿ, ಆದ್ರ ಮಾತು ಹರದು ಚಿಂದಿ ಆಗತೈತಿ.”

ಇದರಲ್ಲಿ ಧರ್ಮವೆಷ್ಟು, ಬ್ಯಾಟರಿ ಉಳಿಸುವ ಜಿಪುಣತನವೆಷ್ಟು ಎಂದು ನಾನು ಅವರನ್ನು ಕೆಣಕುತ್ತಿದ್ದೆ. ಎರಡೂ ಐತಿ, ನಿನಗೇನು ತ್ರಾಸು ಎನ್ನುತ್ತಿದ್ದರು.

ತುರ್ತು ಪರಿಸ್ಥಿತಿ ಮುಗಿದು ಸಭೆಗಳಿಗೆ ಮತ್ತೆ ಬಾಯಿ ಬಂದ ಕಾಲ ಅದು. ಮಳೆ ತಪ್ಪಿ ಜಲಾಶಯಗಳು ಇಳಿದರೆ ರಾಜ್ಯಕ್ಕೇ ಕತ್ತಲೆ. ಬೆಂಗಳೂರಿನಲ್ಲಿ ಒಂದು ಗುಂಪು, ಮಳೆಯನ್ನು ನಂಬಿ ಕೂತದ್ದು ಸಾಕು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಪರವಾನಗಿ ಕೊಡಿ ಎನ್ನುತ್ತಿತ್ತು. ಇನ್ನೊಂದು ಗುಂಪು, ನಮ್ಮ ಜಲಪಾತಗಳಿರುವಾಗ ಹೊರಗಿನ ಕಲ್ಲಿದ್ದಲನ್ನು ತಂದು ಸುಡುವುದೇಕೆ ಎನ್ನುತ್ತಿತ್ತು. ಎರಡೂ ಗುಂಪು ಒಂದೇ ಪಕ್ಷದಲ್ಲಿದ್ದವು ಎಂಬುದು ಬೇರೆ ಮಾತು. ಕಲ್ಲಿದ್ದಲಿನ ನೆಪದಲ್ಲಿ ಯಾರು ಯಾರ ಕುರ್ಚಿ ಎಳೆಯುತ್ತಿದ್ದಾರೆ ಎಂದು ಕೇಳಿದರೆ ಚಾದಂಗಡಿಯಲ್ಲೂ ಎರಡು ಉತ್ತರ ಸಿಗುತ್ತಿದ್ದವು.

ಸ್ಥಾವರ ನಮ್ಮ ಕಡೆ ಬರುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ತಾಲ್ಲೂಕುಗಳು ಒಂದರ ಮೇಲೊಂದು ಬಿದ್ದವು. ರೈಲು ನಮ್ಮಲ್ಲಿದೆ ಎಂದು ಇಂಡಿ ತಾಲ್ಲೂಕಿನವರು. ಕೃಷ್ಣೆ ನಮ್ಮವಳು, ನೀರಿಲ್ಲದೆ ಕಲ್ಲಿದ್ದಲು ಏನು ಮಾಡೀತು ಎಂದು ಮುದ್ದೇಬಿಹಾಳದವರು. ಎರಡೂ ನಮ್ಮಲ್ಲಿವೆ ಎಂದು ಬಾಗೇವಾಡಿಯವರು. ಎಲ್ಲಾದರೂ ಕಟ್ಟಲಿ, ತಂತಿ ಮೊದಲು ನಮಗೆ ಎಳೆಯಲಿ ಎಂದು ಸಿಂದಗಿಯವರು. ಹೊಳೆದಂಡೆಯ ರೈತರು ಮಾತ್ರ, ಆಣೆಕಟ್ಟಿಗೇ ಅರ್ಧ ಹೊಲ ಹೋಗುವುದಿದೆ, ಉಳಿದರ್ಧವನ್ನು ಕಲ್ಲಿದ್ದಲಿನ ಬೂದಿಗೆ ಕೊಡುವುದಿಲ್ಲ ಎಂದು ಸಮಿತಿ ಕಟ್ಟಿದರು. ಅವರ ಪರವಾಗಿ ನಾಲತವಾಡದ ಸಂತೆಯಿಂದ ಹಿಡಿದು ಊರೂರಿಗೆ ಹೋಗಿ ಮಾತಾಡುತ್ತಿದ್ದವನು ನಾನು. ಮೈಕು ಕಾಕಾನದು. ಮರುದಿನ ಅದೇ ಕಟ್ಟೆಯ ಮೇಲೆ ಸ್ಥಾವರ ಬೇಕೆನ್ನುವವರ ಸಭೆ. ಮೈಕು ಕಾಕಾನದೇ.

ಕಾಕಾ ಸ್ವತಃ ಬೇಕೆನ್ನುವವರು. ಗುಟ್ಟೇನಿರಲಿಲ್ಲ. ಅವರ ಹುಟ್ಟೂರು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ. ಕರೆಂಟಿನ ಕಂಬಗಳು ಪಕ್ಕದ ಊರಿನವರೆಗೆ ಬಂದು, ನಡುವಿನ ಹಳ್ಳದ ದಂಡೆಯಲ್ಲಿ ನಿಂತುಬಿಟ್ಟಿದ್ದವು. ಜನ್ಮವೆಲ್ಲ ವೈರಿನ ಜೊತೆ ಕಳೆದ ಮನುಷ್ಯನ ಊರಮನೆಯಲ್ಲಿ ಕಂದೀಲು. ಒಂದು ಸಲವಾದರೂ ನಮ್ಮೂರಲ್ಲಿ ಬ್ಯಾಟರಿ ಇಲ್ಲದೆ, ಗೋಡೆಗೆ ವೈರು ಚುಚ್ಚಿ ಮೈಕು ಹಚ್ಚಬೇಕು ಎಂಬುದೊಂದೇ ಅವರ ಆಸೆ. ಅದನ್ನು ತಿಳಿದುಕೊಂಡ ತಾಲ್ಲೂಕಿನ ಧುರೀಣರೊಬ್ಬರು, ಕಲ್ಲಿದ್ದಲು ಬೇಕೆನ್ನುವ ಮಂತ್ರಿಗಳ ಗುಂಪಿನವರು, ದೀಪಾವಳಿಯೊಳಗೆ ನಿಮ್ಮೂರಿಗೆ ಕರೆಂಟ್ ಎಂದು ಮಾತು ಕೊಟ್ಟರು. ಹಳ್ಳದ ದಂಡೆಗೆ ಹೊಸ ಕಂಬಗಳು ಬಂದು ಬಿದ್ದವು ಕೂಡ. ಕಾಕಾ ಹೋಗಿ ಅವನ್ನು ಕೈಯಿಂದ ಮುಟ್ಟಿ ನೋಡಿ ಬಂದರು.

ಸಭೆಗಳಿಗೆ ಹೋಗುವಾಗ ಚಕ್ಕಡಿ ಗಾಡಿಯಲ್ಲಿ ನಾವಿಬ್ಬರೂ ಜಗಳವಾಡುತ್ತಲೇ ಹೋಗುತ್ತಿದ್ದೆವು. ಬೂದಿ ನಮಗೆ, ಬೆಳಕು ಇನ್ನೆಲ್ಲಿಗೋ ಎಂದು ನಾನು. ಅವರು ಬೀಡಿ ಹಚ್ಚಿ, ಬ್ಯಾಟರಿಯಿಂದ ದೂರ ಹಿಡಿದು, ಒಂದು ದಿನ ಹೇಳಿದರು:

“ಹೊಳಿದಂಡಿಯವರ ಹೊಲ ಹೋಗೂದು ಎಲ್ಲಾರಿಗೂ ಕಾಣತೈತಿ ತಮ್ಮಾ. ನಮ್ಮೂರಾಗ ಕತ್ತಲಿ ಐತಿ. ಕತ್ತಲಿ ಹ್ಯಾಂಗ ಕಾಣಬೇಕು?”

ಸ್ಪರ್ಧೆಯಲ್ಲಾಗಿದ್ದರೆ ಇದು ವಾದವಲ್ಲ, ಭಾವುಕತೆ ಎಂದು ಹೊಡೆದು ಹಾಕುತ್ತಿದ್ದೆ. ಚಕ್ಕಡಿಯಲ್ಲೂ ಹಾಗೇ ಮಾಡಿದೆ. ಅವರು ಎತ್ತುಗಳ ಕಡೆ ನೋಡಿ, ನಿನಗ ತಿಳೀಲಿಲ್ಲ, ಇವಕ್ಕಾದರೂ ತಿಳಿದೈತೇನು ಕೇಳು ಎಂದರು.

ಹೂವಿನ ಹಿಪ್ಪರಗಿಯಲ್ಲಿ ಮಂತ್ರಿಗಳ ಸಭೆ ಇಟ್ಟರು. ನಾಲ್ಕೂ ತಾಲ್ಲೂಕಿನ ಜನ ಕೂಡಿ, ಸ್ಥಾವರಕ್ಕೆ ಪರವಾನಗಿ ಕೊಡಿ ಎಂದು ಕೈ ಎತ್ತಿ ಠರಾವು ಮಾಡಬೇಕು, ಆ ಠರಾವನ್ನು ಬೆಂಗಳೂರಿನಲ್ಲಿ ಎದುರು ಗುಂಪಿನ ಮುಖಕ್ಕೆ ಹಿಡಿಯಬೇಕು, ಯೋಜನೆ ಅಷ್ಟೇ. ಹೊಳೆದಂಡೆಯ ಸಮಿತಿಯವರು ನಮ್ಮದೂ ಒಂದು ಮಾತು ಎಂದು ಪಟ್ಟು ಹಿಡಿದರು. ಹುಡುಗ ಎರಡು ಮಾತು ಹೇಳಿ ಇಳಿಯಲಿ ಎಂದು ಧುರೀಣರು ನಕ್ಕು ಒಪ್ಪಿದರು.

ನಾನು ಘೋಷಣೆ ಕೂಗಲಿಲ್ಲ. ಪ್ರಶ್ನೆ ಕೇಳಿದೆ. ಬೂದಿ ಎಲ್ಲಿ ಸುರಿಯುತ್ತೀರಿ? ಯಾರ ಸರ್ವೆ ನಂಬರು? ಬೇಸಿಗೆಯಲ್ಲಿ ಹೊಳೆ ಇಳಿದಾಗ ನೀರು ಮೊದಲು ಯಾರಿಗೆ, ನಿಮ್ಮ ಬಾಯ್ಲರಿಗೋ ನಮ್ಮ ದನಗಳಿಗೋ? ಮಂತ್ರಿಗಳು ವಾಚು ನೋಡಿಕೊಂಡರು. ಜನರಲ್ಲಿ ಗುಜುಗುಜು ಎದ್ದಿತು. ಧುರೀಣರು ವೇದಿಕೆಯಿಂದ ಕಾಕಾನಿಗೆ ಕಣ್ಸನ್ನೆ ಮಾಡಿದರು. ಕಾಕಾ ನೋಡಿಯೂ ನೋಡದವರ ಹಾಗೆ ಕೂತರು. ಕೊನೆಗೆ ಧುರೀಣರೇ ಇಳಿದು ಬಂದು ಮಷಿನ್ನಿನ ಹತ್ತಿರ ಬಾಗಿದರು. ನಾನು ಮಾತು ನಿಲ್ಲಿಸಿದೆ. ಮುಂದಿನ ಸಾಲಿನವರೂ ಕಿವಿಗೊಟ್ಟರು.

“ಬಂದ್ ಮಾಡು. ಬ್ಯಾಟರಿ ಹೋತು ಅನ್ನು.”

“ಬ್ಯಾಟರಿ ಇನ್ನಾ ಐತ್ರಿ ಸಾಹೇಬ್ರ.”

“ನಿಮ್ಮೂರ ಕಂಬದ ನೆನಪ ಐತಿಲ್ಲೋ?”

“ಐತ್ರಿ. ಅದು ಇರೂದಕ್ಕ ಇವನ ಮ್ಯಾಲ ಸಿಟ್ಟು ಬಂದೈತಿ. ಮೈಕ್ ನಂದು ಇರಲಿಲ್ಲಂದ್ರ ನಾನಾ ಎದ್ದು ಈ ಹುಡುಗಗ ಉತ್ತರ ಕೊಡ್ತಿದ್ದೆ.” ಆಮೇಲೆ ನನ್ನ ಕಡೆ ತಿರುಗಿ, “ನಿಂತಿ ಯಾಕ? ಮುಗಸು,” ಎಂದರು.

ಮುಗಿಸಿದೆ. ಗುಂಡಿ ಚುಕ್ಕಿಯ ಮೇಲೇ ಇತ್ತು. ಠರಾವಿಗೆ ಕೈ ಎತ್ತಿ ಎಂದಾಗ ಅಲ್ಲೊಂದು ಇಲ್ಲೊಂದು ಕೈ ಎದ್ದವು. ಮಂತ್ರಿಗಳ ಮೋಟಾರು ಧೂಳೆಬ್ಬಿಸಿ ಹೋಯಿತು.

ಮರಳುವ ದಾರಿಯಲ್ಲಿ ಕಾಕಾ ಬೀಡಿ ಹಚ್ಚಿದರು. ಛಲೋ ಮಾತಾಡಿದಿ, ನಾನು ಒಪ್ಪಲಿಲ್ಲ ಎಂದರು. ಬೀಡಿ ಮುಗಿದ ಮೇಲೆ ಕೇಳಿದರು:

“ನೀ ಗೆದ್ದಿ. ಆತು. ಈಗ ನಮ್ಮೂರಿಗಿ ಕರೆಂಟ್ ಎಲ್ಲಿಂದ ತರ್ತಿ? ಅದನ್ನ ಹೇಳು.”

ನನ್ನಲ್ಲಿ ಉತ್ತರಗಳ ಮೂಟೆಯೇ ಇತ್ತು. ಕಾಳಿ ನದಿಯ ಯೋಜನೆ, ತಂತಿಯಲ್ಲಿ ಸೋರಿಹೋಗುವ ವಿದ್ಯುತ್ತು, ದೊಡ್ಡ ಕಾರ್ಖಾನೆಗಳಿಗೆ ಕೊಡುವ ರಿಯಾಯಿತಿ. ಎಲ್ಲ ಬಿಚ್ಚಿದೆ. ಅವರು ಪೂರ್ತಿ ಕೇಳಿದರು. ನನ್ನ ಮಾತಿಗೆ ಅವರು ನಿದ್ದೆ ಮಾಡದೆ ಕೂತದ್ದು ಅದೇ ಮೊದಲು.

“ಇದು ಭಾಷಣಾತು ತಮ್ಮಾ. ಕಂಬ ಯಾವಾಗ ಬರ್ತಾವು?”

ಸ್ಥಾವರ ಬೇರೆ ಜಿಲ್ಲೆಗೆ ಹೋಯಿತು. ನನ್ನ ಭಾಷಣದಿಂದ ಹೋಯಿತೆಂದು ಹೊಳೆದಂಡೆಯಲ್ಲಿ ಈಗಲೂ ಹೇಳುತ್ತಾರೆ, ನಾನು ನಂಬುವುದಿಲ್ಲ. ಬೆಂಗಳೂರಿನಲ್ಲಿ ಕುರ್ಚಿ ಅತ್ತಿತ್ತ ಆಯಿತು, ಅದರ ಜೊತೆ ಕಲ್ಲಿದ್ದಲೂ ಹೋಯಿತು. ಆದರೆ ಹಳ್ಳದ ದಂಡೆಯ ಹೊಸ ಕಂಬಗಳು ಹೋದದ್ದು ಯಾವುದರಿಂದ ಎಂಬುದರಲ್ಲಿ ಸಂಶಯವಿಲ್ಲ. ಸಭೆಯ ಮರುವಾರವೇ ಲಾರಿ ಬಂದು ಅವನ್ನು ಹೇರಿಕೊಂಡು ಇನ್ನೊಂದು ಊರಿಗೆ ಒಯ್ದಿತು. ಧುರೀಣರ ಕಡೆಯ ಸಭೆಗಳು ವಿಜಾಪುರದ ಮೈಕಿನವರ ಪಾಲಾದವು. ಕಾಕಾ ಸಿಕ್ಕಾಗಲೆಲ್ಲ, ಉತ್ತರ ಸಿಕ್ತೇನೋ ಕಾಲು ಬ್ಯಾಟರಿ, ಎಂದು ಕೇಳುತ್ತಿದ್ದರು. ಪೇಟೆಯ ನಡುವೆ, ನಾಲ್ಕು ಜನರ ಎದುರು. ಅವರನ್ನು ಕಂಡರೆ ಓಣಿ ಬದಲಿಸಬೇಕು ಎನಿಸುತ್ತಿತ್ತು. ಬದಲಿಸದೆ ಹೋಗಿ ಜಗಳವಾಡುತ್ತಿದ್ದೆ.

ಅದಾಗಿ ಕೆಲವು ವರ್ಷ ಕಳೆದು, ಈ ಬೇಸಿಗೆಯಲ್ಲಿ ಕಾಕಾ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಮಣ್ಣು ಮಾಡುವುದು ಅವರ ಊರಿನಲ್ಲಿ. ಹಳ್ಳದ ಈಚೆ ದಂಡೆಯ ಕೊನೆಯ ಕಂಬವನ್ನು ದಾಟಿ ನಡೆದು ಹೋದೆ. ಮನೆಯ ಮುಂದೆ ಭಜನೆ ನಡೆದಿತ್ತು, ಅವರದೇ ಮೈಕಿನಲ್ಲಿ. ಯಾರೋ ಭಕ್ತಿಯಿಂದ ಗುಂಡಿಯನ್ನು ಪೂರ್ತಿ ತಿರುಗಿಸಿದ್ದರು. ಭೋಂಗಾ ಕಿರುಚುತ್ತಿತ್ತು, ಒಂದು ಪದವೂ ತಿಳಿಯುತ್ತಿರಲಿಲ್ಲ. ನಾನು ಬಾಗಿ ಅದನ್ನು ಚುಕ್ಕಿಗೆ ತಂದೆ. ಕಾಕು ಒಳಗಿನಿಂದ ನೋಡಿ ತಲೆ ಆಡಿಸಿದರು.

ಧುರೀಣರೂ ಬಂದಿದ್ದರು. ಹಾರ ಹಾಕಿ, ಸತ್ತವರು ತಮಗೆ ಎಷ್ಟು ಬೇಕಾದವರಾಗಿದ್ದರು ಎಂದು ಮಾತಾಡಿ ಕೂತರು. ಊರ ಹಿರಿಯರು ನನಗೂ ಎರಡು ಮಾತು ಹೇಳೆಂದರು. ನಾನು ಎದ್ದೆ. ಹೂವಿನ ಹಿಪ್ಪರಗಿಯಲ್ಲಿ ಆಡಿದ್ದರಲ್ಲಿ ಒಂದು ಮಾತನ್ನೂ ನಾನು ಇವತ್ತಿಗೂ ಹಿಂದೆ ತೆಗೆದುಕೊಂಡಿಲ್ಲ, ಬೂದಿ ಬೂದಿಯೇ. ಆದರೆ ಆಯುಷ್ಯವೆಲ್ಲ ಊರವರ ದನಿ ಏರಿಸಿದ ಮನುಷ್ಯ, ತನ್ನ ಮೈಕಿನಲ್ಲಿ ಹಲೋ ಹಲೋ ಎಂಬುದರ ಆಚೆ ಏನನ್ನೂ ಹೇಳಿರಲಿಲ್ಲ. ಹಾಗಾಗಿ ಅವರ ಕಡೆಯ ವಾದವನ್ನು ನಾನು ಮಂಡಿಸಿದೆ, ಅವರ ಮಾತಿನಲ್ಲೇ, ಕತ್ತಲೆ ಹೇಗೆ ಕಾಣಬೇಕು ಎಂಬುದರಿಂದ ಶುರುಮಾಡಿ. ಕೊನೆಗೆ ಧುರೀಣರ ಮುಖ ನೋಡಿ ಕೇಳಿದೆ: “ಈ ಊರಿಗಿ ಕಂಬ ಯಾವಾಗ ಬರ್ತಾವ್ರಿ?”

ಅವರು ಟೊಪ್ಪಿಗೆ ಸರಿಮಾಡಿಕೊಂಡರು. ನಾನು ಮೈಕಿನ ಮುಂದೆ ನಿಂತೇ ಇದ್ದೆ. ಬ್ಯಾಟರಿ ಇನ್ನೂ ಇತ್ತು.