ಬಸವಣ್ಣೆಪ್ಪನಿಗೆ ಕೇಳದೇ ಹೋದ ದನಿ

ಮೆಹಕರದ ಬಸವಣ್ಣೆಪ್ಪ ಭಾಲ್ಕಿಯ ಅಡತಿ ಅಂಗಡಿಯೊಂದರಲ್ಲಿ ಹರಾಜಿನ ಸವಾಲು ಕೂಗುತ್ತಿದ್ದ. ರೈತರು ತಂದು ಸುರಿದ ತೊಗರಿ, ಉದ್ದಿನ ರಾಶಿಯ ಮುಂದೆ ನಿಂತು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ದರ ಏರಿಸುತ್ತಿದ್ದ. ಚಹಾ ಕುಡಿಯಲು ರಸ್ತೆ ದಾಟಿ ಹೋದ ವ್ಯಾಪಾರಿಗಳು ಅವನ ದನಿ ಕೇಳಿ ಅಲ್ಲಿಂದಲೇ ಕೈ ಎತ್ತುತ್ತಿದ್ದರು.

ಒಂದು ಸೋಯಾ ಸುಗ್ಗಿಯಲ್ಲಿ ಆ ದನಿ ಕೆಟ್ಟಿತು. ಮಾತಿನ ನಡುವೆ ಯಾರೋ ಗಂಟಲು ಹಿಚುಕಿ ಬಿಟ್ಟಂತಾಗುತ್ತಿತ್ತು. ವರ್ಷ ಕಳೆಯುವುದರೊಳಗೆ ಒಂದು ದರವನ್ನೂ ಪೂರ್ತಿ ಹೇಳಲಾರದವನಾದ. ವಿಚಿತ್ರವೆಂದರೆ ನಗು ಸರಿಯಾಗಿಯೇ ಬರುತ್ತಿತ್ತು, ಪಿಸುಮಾತೂ ಬರುತ್ತಿತ್ತು. ಹಾಗಾಗಿ ನಾಟಕ ಮಾಡುತ್ತಾನೆಂದು ಆಡಿಕೊಂಡವರೂ ಇದ್ದರು. ಡಾಕ್ಟರು ಕನ್ನಡಿ ಹಿಡಿದು ನೋಡಿ ಗಂಟಲು ಚೊಕ್ಕ ಇದೆ ಎಂದರು. ಜ್ಯೇಷ್ಠಮಧು ಆಯಿತು, ತಾಯತ ಆಯಿತು. ಕೂಗಿ ಕೂಗಿ ತಾನೇ ಕೆಡಿಸಿಕೊಂಡೆ ಎಂದು ಕೊನೆಗೆ ಅವನೇ ನಂಬಿಬಿಟ್ಟ.

ಹೆಂಡತಿ ಅನುಸೂಯಾಬಾಯಿ ಇರುವ ತನಕ ಅಷ್ಟು ಅಡಚಣೆ ಆಗಲಿಲ್ಲ. ಅವನ ತುಟಿ ನೋಡಿಯೇ ಅರಿತುಕೊಂಡು, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಅವನ ಪರವಾಗಿ ಅವಳೇ ಮಾತಾಡುತ್ತಿದ್ದಳು. ಅವಳು ಜ್ವರ ಬಂದು ತೀರಿಕೊಂಡ ಮೇಲೆ ಅವನು ಬೆರಳು ತೋರಿಸಿ ಸಾಮಾನು ಕೊಳ್ಳುವುದನ್ನು ಕಲಿತ. ಅಡತಿ ಅಂಗಡಿಯ ಮಾಲೀಕ ಜ್ಞಾನೇಶ್ವರ ಒಳ್ಳೆಯವನು, ಸವಾಲು ಕೂಗಲಾರದವನಾದರೂ ಕೆಲಸದಿಂದ ತೆಗೆಯಲಿಲ್ಲ, ಚೀಲ ಹೊರಲು ಹಚ್ಚಿದ. ಐವತ್ತು ದಾಟಿದ ಮೈ ಅದಕ್ಕೆ ಒಗ್ಗಲಿಲ್ಲ. ತೊಡೆಯ ಸಂದಿಯಲ್ಲಿ ಎರಡೂ ಕಡೆ ಗಡ್ಡೆಯಂತೆ ಉಬ್ಬಿ ಹರ್ನಿಯಾ ಆಯಿತು.

ಒಬ್ಬಳೇ ಮಗಳು ಸಪ್ನಾಳನ್ನು ಔರಾದ ತಾಲೂಕಿನ ಎಕಂಬಾಕ್ಕೆ ಕೊಟ್ಟಿದ್ದ. ಆಪರೇಷನ್ನಿಗೆ ಬೀದರಿಗೆ ಹೊರಡುವ ಮುನ್ನಾದಿನ ಅವಳಿಗೆ ಫೋನ್ ಮಾಡಿದ. ಎರಡು ಸಲ ಬಾಯಿ ತೆರೆದ. ಆ ಕಡೆಯಿಂದ ಸಪ್ನಾ, "ಅಪ್ಪಾ, ಆವಾಜ್ ಕಟ್ ಆಗ್ಲತ್ತದ. ರೇಂಜ್ ಇಲ್ಲ ಕಾಣ್ತದ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟಳು. ಅಪ್ಪನ ದನಿ ಕೆಟ್ಟದ್ದು ಗೊತ್ತಿದ್ದರೂ ಫೋನಿನಲ್ಲಿ ಅವಳಿಗೆ ಅದು ರೇಂಜ್ ಹೋದಂತೆಯೇ ಕೇಳುತ್ತಿತ್ತು; ಪ್ರತಿ ಸಲವೂ ಹೀಗೇ. ಅವಳಿಗೆ ಎಳೆಗೂಸು ಬೇರೆ, ಯಾಕೆ ತ್ರಾಸು ಕೊಡುವುದೆಂದು ಅವನು ಮತ್ತೆ ಮಾಡಲಿಲ್ಲ.

ಜ್ಞಾನೇಶ್ವರ ಅವನನ್ನು ಬೀದರಿನ ಆಸ್ಪತ್ರೆಗೆ ಸೇರಿಸಿ, "ದುಕಾನ್ ಬಿಟ್ಟು ಬಂದೀನಿ, ಬಿಡುವಾದಾಗ ಬರ್ತೇನಿ" ಎಂದು ಹೊರಟುಹೋದ. ಸಂಜೆ ಅರಿವಳಿಕೆಯ ಡಾಕ್ಟರ್ ಕೇತಕಿ ಬಂದಳು.

"ಎರಡೂ ಕಡಿ ಇಳದದರಿ. ಹೊಟ್ಟಿಗಿ ಸಣ್ಣ ತೂತು ಮಾಡಿ ದುರ್ಬೀನ್ ಹಾಕಿ ಮಾಡ್ತಾರ. ಅದಕ್ಕ ಪೂರ್ತಿ ಬೇಹೋಶ್ ಮಾಡಿ, ಗಂಟಲದಾಗ ಒಂದು ನಳಿಗಿ ಇಡ್ತೀವಿ."

ಬಸವಣ್ಣೆಪ್ಪ ಎದ್ದು ಕುಳಿತು ಗಂಟಲಿಗೆ ಕೈ ಹಚ್ಚಿದ. ಏನೋ ಹೇಳಹೋದ. ಕೇತಕಿ ಸ್ಟೂಲು ಎಳೆದುಕೊಂಡು ಕೂತಳು. ಅವನ ಮಾತನ್ನು ತಾನು ಮುಗಿಸಹೋಗಲಿಲ್ಲ, ಸುಮ್ಮನೆ ಕಾದಳು.

"ಇ... ಇದ್... ಇದ್ದದ್ದೂ ಹೋ... ಹೋಗ್ತದೇನ್ರಿ?"

"ಪಿಸುಮಾತಿನ್ಯಾಗ ಹೇಳ್ರಿ ನೋಡೂಣು."

ಪಿಸುಮಾತಿನಲ್ಲಿ ಅದೇ ಪ್ರಶ್ನೆ ತಡೆಯಿಲ್ಲದೆ ಬಂತು. ಅವಳು ತಲೆಯಾಡಿಸಿದಳು. "ನಿಮ್ಮ ಗಂಟಲ ಕೆಟ್ಟಿಲ್ಲರಿ. ಮಾತಾಡು ಅಂತ ಮಿದುಳಿಂದ ಬರೋ ಹುಕುಮ್ ತಪ್ಪಿ ಬರ್ಲತ್ತದ, ಅದಕ್ಕ ದನಿಪೆಟ್ಟಿಗಿ ಬಿಗಿ ಹಿಡೀತದ. ನೀವು ತಪ್ಪು ಮಾಡಿ ಬಂದದ್ದಲ್ಲ ಇದು."

ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಅವನು ಹೊದಿಕೆಯ ಅಂಚು ಸರಿಮಾಡುತ್ತ ಕೂತ.

"ಸಣ್ಣ ನಳಿಗಿ ಹಾಕ್ತೀನಿ. ಕೆಲವು ದಿನ ನೋಯ್ತದ, ದನಿ ಇನ್ನಷ್ಟು ಒಡೀಬಹುದು. ಏನೂ ಆಗಲ್ಲಂತ ಖಾತ್ರಿ ಕೊಡಾಕಾಗಲ್ಲರಿ. ಆದ್ರ ಈಗಿದ್ದದ್ದು ಉಳೀತದ ಅಂತ ನನಗ ಅನಸ್ತದ."

ಮರುದಿನ ಅವನನ್ನು ಗಾಲಿ ಮಂಚದ ಮೇಲೆ ಒಯ್ದರು. ಹೆದರಿಕೆ ಕಡಿಮೆಯಾಗಲೆಂದು ಕೇತಕಿ ಕೈಗೆ ಸೂಜಿ ಚುಚ್ಚಿದ್ದು ಅವನಿಗೆ ನೆನಪಿದೆ. ಆಮೇಲೆ ಏನೂ ಇಲ್ಲ.

ಎಚ್ಚರಾದಾಗ ವಾರ್ಡಿನಲ್ಲಿದ್ದ. ಗಂಟಲು ಉರಿಯುತ್ತಿತ್ತು, ಮೈ ಗಡಗಡ ನಡುಗುತ್ತಿತ್ತು. ಕರೆಯಲು ಹೋದರೆ ಪಿಸುಮಾತೂ ಹೊರಡಲಿಲ್ಲ. ನರ್ಸ್ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಕೈ ಎತ್ತಿದ, ಸೋತು ಇಳಿಸಿದ, ಮತ್ತೆ ಎತ್ತಿದ. ಪಕ್ಕದ ಮಂಚದಲ್ಲಿ ಗಂಡನಿಗೆ ಗಂಜಿ ಕುಡಿಸುತ್ತಿದ್ದ ಇಮಾಮಬೀ ಎಂಬ ಹೆಂಗಸು ಅದನ್ನು ಕಂಡಳು. ನರ್ಸನ್ನು ಕೂಗಿ, ತನ್ನ ಚಾದರವನ್ನೇ ತಂದು ಅವನ ಮೇಲೆ ಹೊದಿಸಿದಳು.

"ನಿಮ್ಮ ಮನ್ಯಾಗಿನವ್ರು ಎಲ್ಲಿ ಹೋಗ್ಯಾರ, ಅಣ್ಣಾ?"

ಅವನು ಗೋಡೆಯ ಕಡೆ ಹೊರಳಿದ.

ಮಾರನೆಯ ದಿನ ಕೇತಕಿ ಬಂದು ಅವನ ಗಂಟಲು ನೋಡಿದಳು. ಆಮೇಲೆ, "ನಿನ್ನಿ ಸೂಜಿ ಚುಚ್ಚಿದ ಮ್ಯಾಲ ನೀವು ಭಾಳ ಛಲೋ ಮಾತಾಡಿದ್ರಿ. ಎಲ್ಲೂ ತಡೀಲಿಲ್ಲ" ಎಂದಳು.

ಅವನು ನಂಬಲಿಲ್ಲ.

"ಖರೇನರಿ. ಆ ಔಷಧಕ್ಕ ಕೆಲವರದು ಬಿಗಿ ಸ್ವಲ್ಪ ಹೊತ್ತು ಸಡಲ್ತದ. ನೆನಪು ಉಳೀದಂಗ ಮಾಡೋದೂ ಅದೇ ಔಷಧ."

"ನಾ ಏನಂದೆ?" ಅವನ ತುಟಿ ಮಾತ್ರ ಅಲುಗಿತು.

"ಹೊರಗ ನಿಮ್ಮವ್ರು ಯಾರ್ ಅದಾರಂತ ನಾ ಕೇಳ್ದೆ. ಯಾರೂ ಇಲ್ಲಂದ್ರಿ. ಎಕಂಬಾದಾಗ ಮಗಳದಾಳ, ರೇಂಜ್ ಇಲ್ಲಂತ ಫೋನ್ ಇಡ್ತಾಳ ಅಂದ್ರಿ. ರೇಂಜ್ ಇರ್ತದರಿ, ನಾನೇ ಇರಂಗಿಲ್ಲ ಅಂದ್ರಿ."

ಬಸವಣ್ಣೆಪ್ಪ ದಿಂಬಿನಿಂದ ತಲೆ ಎತ್ತಿದ. ಆಮೇಲೆ ಪಿಸುಗುಟ್ಟಿದ: "ಹ್ಯಾಂಗಿತ್ತರಿ ದನಿ?"

"ದಪ್ಪ ಇತ್ತರಿ. ಬಾಗಿಲದಾಗ ನಿಂತ ನರ್ಸ್ ತಿರುಗಿ ನೋಡಿದ್ಲು."

ಅವಳು ಹೋದ ಮೇಲೆ ಅವನಿಗೆ ಅದೇ ಯೋಚನೆ. ಗುರುತಿಲ್ಲದ ಇಬ್ಬರು ಹೆಂಗಸರು ಮರಳಿ ಬಂದ ಆ ದನಿ ಕೇಳಿದ್ದರು. ವರ್ಷಗಟ್ಟಲೆ ಅದಕ್ಕಾಗಿ ದೇವರಿಗೆ ದೀಪ ಹಚ್ಚಿದ ಅನುಸೂಯಾಬಾಯಿ ಕೇಳಿರಲಿಲ್ಲ. ತನಗೂ ಕೇಳಿರಲಿಲ್ಲ.

ಅವನ ಒಪ್ಪಿಗೆ ಪಡೆದು ಕೇತಕಿಯೇ ಸಪ್ನಾಳಿಗೆ ಫೋನ್ ಮಾಡಿದ್ದಳು. ಸಪ್ನಾ ಕೂಸನ್ನು ಕಟ್ಟಿಕೊಂಡು ಔರಾದ ಬಸ್ಸಿನಲ್ಲಿ ಬಂದಳು. ಮಂಚದ ಪಕ್ಕ ಕೂತು, "ನಾ ರೇಂಜ್ ಇಲ್ಲಂತನೇ ತಿಳ್ಕೊಂಡಿದ್ದೆ ಅಪ್ಪಾ" ಎಂದಳು. ಅವನು ಅವಳ ಕೈ ತಟ್ಟಿದ. ಆಮೇಲೆ ಇಬ್ಬರೂ ಅದರ ಸುದ್ದಿ ತೆಗೆಯಲಿಲ್ಲ.

ಅಪ್ಪನನ್ನು ಭಾಲ್ಕಿಗೆ ಕರೆತಂದು ಎರಡು ದಿನ ಇದ್ದಳು. ಗಂಟಲಿನ ಉರಿ ಇಳಿದು, ಹಳೆಯ ಒಡಕು ದನಿ ಇದ್ದ ಹಾಗೆಯೇ ಮರಳಿತ್ತು. ಚೀಲ ಹೊರುವುದು ಬೇಡ, ತುಂಬಿದ ಚೀಲಗಳ ಬಾಯಿ ಹೊಲಿದರೆ ಸಾಕೆಂದು ಜ್ಞಾನೇಶ್ವರ ಹೇಳಿ ಕಳಿಸಿದ್ದ. ಹೈದರಾಬಾದಿನಲ್ಲಿ ದನಿಪೆಟ್ಟಿಗೆಗೇ ಸೂಜಿ ಹಾಕುತ್ತಾರೆ, ಕೆಲವು ತಿಂಗಳು ಮಾತು ಸಡಿಲವಾಗುತ್ತದೆ, ಆಮೇಲೆ ಮತ್ತೆ ಹಾಕಿಸಬೇಕಾಗುತ್ತದೆ ಎಂದು ಕೇತಕಿ ತಿಳಿಸಿದ್ದಳು. ಸಪ್ನಾ ಅದನ್ನೇ ಹಿಡಿದು ಕೂತಳು.

"ಒಮ್ಮಿ ಹೋಗಿ ಬರೂಣು ಅಪ್ಪಾ."

"ಬರ್ತದ, ಮತ್ತ ಹೋಗ್ತದ" ಎಂದು ಅವನು ಪಿಸುಗುಟ್ಟಿದ. "ಒಮ್ಮಿ ಹೋಗಿದ್ದು ನೋಡೀನಿ. ಮತ್ತ ಮತ್ತ ನೋಡೂ ತಾಕತ್ತು ಇಲ್ಲವ್ವ."

"ಅಷ್ಟು ದಿನನಾದ್ರೂ ವೃಂದಾ ನಿನ್ನ ದನಿ ಕೇಳ್ತಾಳಲ್ಲ."

ವೃಂದಾ ಎಂದರೆ ಕೂಸು. ಅವನು ಅದರ ಅಂಗೈಗೆ ತನ್ನ ಬೆರಳು ಕೊಟ್ಟ. ಸಪ್ನಾ ಮತ್ತೆ ಒತ್ತಾಯ ಮಾಡದೆ ಪಾತ್ರೆ ತೊಳೆಯಲು ಎದ್ದಳು.

ಮಧ್ಯಾಹ್ನ ತಾಯಿ ಮಗುವನ್ನು ಬಸ್ಸು ಹತ್ತಿಸಿ ಬಸವಣ್ಣೆಪ್ಪ ನಿಧಾನವಾಗಿ ಮನೆಗೆ ನಡೆದುಬಂದ. ಬಾಗಿಲು ಮುಂದೆ ಮಾಡಿ, ನಡುಮನೆಯಲ್ಲಿ ನಿಂತು, ಮೊಮ್ಮಗಳ ಹೆಸರನ್ನು ಗಟ್ಟಿಯಾಗಿ ಕರೆದು ನೋಡಿದ. ಮೊದಲ ಅಕ್ಷರಕ್ಕೇ ಗಂಟಲು ಹಿಡಿಯಿತು. ಸ್ವಲ್ಪ ನೀರು ಕುಡಿದು, ಇನ್ನೊಮ್ಮೆ ಕರೆದ. ಆಮೇಲೆ ಒಲೆ ಹಚ್ಚಿ, ರಾತ್ರಿಗೆ ಒಬ್ಬನಿಗಾಗುವಷ್ಟು ಅಕ್ಕಿ ತೊಳೆದಿಟ್ಟ.