ಬ್ಯಾರನ್ನಿಗೊಂದು ಕಿಟಕಿ

ನಾನು ಹುಟ್ಟಿದಂದಿನಿಂದ ಒಂದು ಬೀಡಿ ಸೇದಿದವನಲ್ಲ, ಒಂದು ಚಿಟಿಕೆ ನಶ್ಯ ಏರಿಸಿದವನೂ ಅಲ್ಲ. ಆದರೂ ಹೊಗೆಸೊಪ್ಪಿನ ಅಮಲು ಎಂದರೆ ಏನೆಂದು ಸೇದುವವರಿಗಿಂತ ನನಗೇ ಚೆನ್ನಾಗಿ ಗೊತ್ತು. ಅವರು ಅದನ್ನು ಬಾಯಲ್ಲಿಟ್ಟುಕೊಂಡು ಅರ್ಧ ಗಳಿಗೆ ಕಳೆಯುತ್ತಾರೆ. ನಾನು ಅದರೊಳಗೆ ಕೂತು ಸಂಸಾರ ಮಾಡಿದ್ದೇನೆ. ಹೆಂಡತಿಯನ್ನು ನಾನು ಮೊದಲ ಸಲ ಮನೆ ತುಂಬಿಸಿಕೊಂಡದ್ದು ಹುಣಸೂರಿನ ಒಂದು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ. ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು.

ಇದಕ್ಕೆಲ್ಲ ಕಾರಣ ನಮ್ಮ ರಾಜ್ಯದ ಪ್ರಗತಿ. ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದವು. ಆಗ 'ಯೋಜನೆ' ಎಂಬ ಮಾತು ಕಾಫಿ ಹೋಟೆಲಿನ ಬೆಂಚಿನವರೆಗೂ ಇಳಿದು ಬಂದಿತ್ತು. ಒಬ್ಬ ದೊಡ್ಡ ಅಧಿಕಾರಿ ಹುಣಸೂರಿಗೆ ಬಂದು, ಮೈಸೂರು ರಾಜ್ಯ ಯಾರಿಗೂ ಹಿಂದೆ ಬೀಳಕೂಡದು, ಮದರಾಸಿನ ಕೈ ಬೊಂಬಾಯಿಯ ಕೈ ಮಾಡುವುದನ್ನು ನಮ್ಮ ಹಳ್ಳಿಯ ಕೈಯೂ ಮಾಡಬೇಕು, ಅದಕ್ಕೆ ಮೊದಲು ಕೈಗಳನ್ನು ಪಳಗಿಸಬೇಕು ಎಂದು ಭಾಷಣ ಮಾಡಿದರು. ಆನೆ ಪಳಗಿಸುವ ಸೀಮೆಯಲ್ಲಿ ಕೈ ಪಳಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸದಾಗಿ ತೆರೆದ ತರಬೇತಿ ಕೇಂದ್ರದಲ್ಲಿ ನಾನು ಮರಗೆಲಸದ ಮೇಷ್ಟ್ರು.

ಆ ಕೇಂದ್ರ ಹುಣಸೂರಿಗೆ ಸುಮ್ಮನೆ ಬರಲಿಲ್ಲ. ಪಿರಿಯಾಪಟ್ಟಣದವರು ತಮ್ಮೂರಿಗೇ ಬೇಕೆಂದರು. ಹೆಗ್ಗಡದೇವನಕೋಟೆಯವರು 'ಮರ ನಮ್ಮದು, ಉಳಿ ಮಾತ್ರ ಅವರದೇ?' ಎಂದು ಅರ್ಜಿ ಬರೆದರು. ಕೆ.ಆರ್. ನಗರದವರು ನಮ್ಮ ರಸ್ತೆಗಳು ನೂಲು ಹಿಡಿದು ಹಾಕಿದಂತಿವೆ, ನೇರವಾಗಿ ಗರಗಸ ಹಿಡಿಯುವವರಿಗೆ ನೇರವಾದ ಊರೇ ಬೇಕಲ್ಲವೇ ಎಂದು ವಾದಿಸಿದರಂತೆ. ನಾಲ್ಕು ಊರುಗಳು ಜಗ್ಗಾಡಿ ಕೊನೆಗೆ ಹುಣಸೂರು ಗೆದ್ದಿತು. ಗೆದ್ದ ಖುಷಿಗೆ ಇಡೀ ಊರಿನ ತಲೆ ಒಂದು ಸುತ್ತು ತಿರುಗಿತು.

ಆ ತಲೆಯನ್ನು ಇನ್ನೊಂದು ಸುತ್ತು ತಿರುಗಿಸಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಕಲಿಯಲು ಬಂದ ಅಭ್ಯರ್ಥಿಗಳಿಗೆ ಮೊದಲ ಪಾಠವೆಂದು ಕೇಂದ್ರಕ್ಕೊಂದು ಬೋರ್ಡು ಮಾಡಿಸಿದೆ. ಪುಟ್ಟದೊಂದು ಹಲಗೆ ಸಾಕಿತ್ತು. ಆದರೆ ನನಗೆ ಕೆಲಸ ಹೊಸದು, ಉಮೇದು ದೊಡ್ಡದು. ಎರಡಾಳು ಅಗಲದ ತೇಗದ ಬೋರ್ಡು ಸಿದ್ಧವಾಗಿ ಬಸ್ ಸ್ಟ್ಯಾಂಡಿಗೇ ಕಾಣುವಂತೆ ಮೇಲೇರಿತು. ಅದು ಏರಿದ ವಾರದಲ್ಲೇ ಊರಿನ ಮನೆ ಬಾಡಿಗೆಗಳೂ ಏರಿದವು. ಮೇಷ್ಟ್ರುಗಳು ಬರುತ್ತಾರೆ, ಕಲಿಯುವವರು ಬರುತ್ತಾರೆ, ಆಮೇಲೆ ಕಾರ್ಖಾನೆಯೇ ಬರುತ್ತದೆ ಎಂದು ಹಿತ್ತಿಲ ಕೊಟ್ಟಿಗೆ ಇದ್ದವರೂ ಅದಕ್ಕೆ ಸುಣ್ಣ ಬಳಿದು ಕಾದು ಕೂತರು.

ಒಬ್ಬರ ಮನೆ ಕೇಳಲು ಹೋದೆ. ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ, ಒಲೆಯ ಪಕ್ಕದಲ್ಲೇ ಬಚ್ಚಲು. ಬಾಡಿಗೆ ಕೇಳಿ ನಾನು ಕಣ್ಣರಳಿಸಿದಾಗ ಮನೆಯವರು ನಕ್ಕರು.

"ಬೋಲ್ಡು ನೋಡ್ನಿಲ್ವಾ ಮೇಷ್ಟ್ರೇ? ಇನ್ಮೇಕೆ ಹುಣಸೂರು ಅಂದ್ರೆ ಮೈಸೂರಿದ್ದಂಗೆ ಕಣ್ರೀ."

"ಆ ಬೋರ್ಡು ಮಾಡಿಸಿದವನೇ ನಾನು" ಎಂದೆ, ಕರುಣೆ ಹುಟ್ಟೀತೆಂಬ ಆಸೆಯಿಂದ.

"ಅಂಗಾರೆ ಊರಿನ ಬೆಲೆ ನಿಮಗೆ ನಾನೇನು ಏಳ್ಕೊಡಾದು!"

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆ ಮನೆ ಹುಡುಕಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ತಿಳಿಯದು; ಬಹುಶಃ ಹಾಗೆ ಹೇಳಿದವರೆಲ್ಲ ಮನೆ ಮಾಲೀಕರಿರಬೇಕು. ನನ್ನ ಮದುವೆಯೇನೋ ಆಗಿತ್ತು. ಹೆಂಡತಿ ಗಿರಿಜೆ ಕೆ.ಆರ್. ನಗರದ ಪಕ್ಕದ ಸಾಲಿಗ್ರಾಮದಲ್ಲಿ, ತವರಿನಲ್ಲೇ ಇದ್ದಳು. ನನ್ನ ಮಾವ ಬಸಪ್ಪನವರು ಬೆಲ್ಲದ ವ್ಯಾಪಾರಿಗಳು, ಮಾತು ಅಚ್ಚಿನಲ್ಲಿ ಹೊಯ್ದ ಹಾಗೆ. ಅಳಿಯ ಮನೆ ಮಾಡುವವರೆಗೂ ಮಗಳನ್ನು ಕಳಿಸುವುದಿಲ್ಲ ಎಂದಿದ್ದರು. ಹೋಟೆಲಿನ ಅಟ್ಟದಲ್ಲಿ ಮಲಗುವವನ ಜೊತೆ ಹೆಣ್ಣುಮಗಳನ್ನು ಎಲ್ಲಿಗೆಂದು ಕಳಿಸುವುದು? ಅವರದೂ ನ್ಯಾಯವೇ.

ಗೀಜಗನ ಹಕ್ಕಿಯ ಪಾಡೂ ಇದೇ ಎಂದು ಓದಿದ್ದೇನೆ. ಗಂಡು ಹುಲ್ಲು ಸೀಳಿ ತಂದು ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆದು ನೋಡಿ, ಜಗ್ಗಿ ನೋಡಿ, ಒಪ್ಪಿಗೆಯಾದರೆ ಉಳಿಯುತ್ತದೆ. ಇಲ್ಲದಿದ್ದರೆ ಪುರ್ರೆಂದು ಹಾರಿ ಪಕ್ಕದ ಗೂಡಿಗೆ. ಆದರೂ ನನಗಿಂತ ಗೀಜಗ ಅದೃಷ್ಟವಂತ. ಅದು ಈಚಲು ಮರಕ್ಕೆ ಬಾಡಿಗೆ ಕೊಡಬೇಕಿಲ್ಲ, ಗೂಡು ನೋಡಲು ಅದರ ಮಾವನೂ ಬರುವುದಿಲ್ಲ.

ನನ್ನ ಮಾವ ಬರುವುದಾಗಿ ಕಾಗದ ಬರೆದರು. ಯುಗಾದಿ ಕಳೆದ ಸೋಮವಾರ ಗಿರಿಜೆಯನ್ನು ಕರೆದುಕೊಂಡು ಬರುತ್ತೇನೆ. ಮನೆ ಮನೆಯಂತಿದ್ದರೆ ಬಿಟ್ಟು ಹೋಗುತ್ತೇನೆ, ಇಲ್ಲದಿದ್ದರೆ ಸಂಜೆ ಬಸ್ಸಿಗೆ ವಾಪಸು ಕರೆದುಕೊಂಡು ಹೋಗುತ್ತೇನೆ, ಆಮೇಲೆ ನೀವು ಕೆ.ಆರ್. ನಗರಕ್ಕೆ ವರ್ಗ ಮಾಡಿಸಿಕೊಂಡ ಮೇಲೆಯೇ ಮಾತು ಎಂದಿತ್ತು. ಕಾಗದದ ಅಂಚಿನಲ್ಲಿ ಗಿರಿಜೆ ಸಣ್ಣ ಅಕ್ಷರದಲ್ಲಿ, 'ಏನಾದರೂ ಮಾಡಿ' ಎಂದು ಸೇರಿಸಿದ್ದಳು. ಆ ಎರಡು ಮಾತು ಓದಿ ನನಗೆ ಊಟ ಸೇರಲಿಲ್ಲ.

ಆಗ ಕಾಪಾಡಿದವರು ಗುರುಮಲ್ಲಪ್ಪನವರು. ಊರಾಚೆ ಅವರ ಹೊಲ, ಹೊಲದಲ್ಲಿ ಹೊಗೆಸೊಪ್ಪು ಬೇಯಿಸುವ ಒಂದು ಬ್ಯಾರನ್ನು. ಬ್ಯಾರನ್ನು ಕಂಡಿಲ್ಲದವರಿಗೆ ಹೇಳುತ್ತೇನೆ: ಬಾವಿಯನ್ನು ಕಿತ್ತು ನೆಲದ ಮೇಲೆ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ದಪ್ಪ ಮಣ್ಣಿನ ಗೋಡೆ, ಒಂದು ಬಾಗಿಲು, ಕಿಟಕಿ ಎಂಬುದೇ ಇಲ್ಲ. ಮೇಲೆ ಸಾಲು ಸಾಲು ಗಳುಗಳು. ಸುಗ್ಗಿಯಲ್ಲಿ ಹಸಿರೆಲೆಯನ್ನು ಅದಕ್ಕೆ ನೇತುಹಾಕುತ್ತಾರೆ. ಒಲೆಯ ಬಾಯಿ ಹಿಂಬದಿಯಲ್ಲಿ, ಹೊರಗೆ. ಅದರ ಶಾಖ ದಪ್ಪ ಕಬ್ಬಿಣದ ಕೊಳವೆಯಲ್ಲಿ ಹರಿದು ನೆಲದ ಮೇಲೆಲ್ಲ ಸುತ್ತಿ ಎಲೆಯನ್ನು ಚಿನ್ನದ ಬಣ್ಣಕ್ಕೆ ತರುತ್ತದೆ. ಎಲೆ ಬರುವುದು ಮಳೆಗಾಲ ಕೂತ ಮೇಲೆ, ಅಲ್ಲಿಯವರೆಗೂ ಬ್ಯಾರನ್ನು ಖಾಲಿ. "ನಾಕು ತಿಂಗ್ಳು ಇರಿ ಸ್ವಾಮಿ, ಎಲೆ ಬಂದಾಗ ಬುಟ್ಕೊಡಿ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಬಾಡಿಗೆಯನ್ನು ಕೇಳಿದ್ದು ಆಮೇಲೆ.

ಗುರುಮಲ್ಲಪ್ಪನವರು ಧಾರಾಳಿ. ನೆಲಕ್ಕೆ ಹೊಸ ಮಣ್ಣು ಮೆತ್ತಿಸಿ, ಗೋಡೆಗೆ ಸುಣ್ಣ ಹೊಡೆಸಿದರು. ಭಾನುವಾರವಾದರೂ ಗೋಡೆ ಹಸಿಹಸಿ. ತಮ್ಮ ಒಲೆಯಾಳು ಜವರಯ್ಯನನ್ನು ಕರೆದು, ಗೋಡೆ ಆರುವಂತೆ ಒಸಿ ಬೆಂಕಿ ಹಾಕು ಎಂದು ಹೇಳಿ ಕಳಿಸಿದರು. ಎಲ್ಲಿಯವರೆಗೆ ಎಂದು ಹೇಳುವುದನ್ನು ಮರೆತರು.

ಜವರಯ್ಯ ಬ್ಯಾರನ್ನಿನ ಒಲೆಗೆ ಜೀವ ತೇಯ್ದ ಮನುಷ್ಯ. ಅವನ ವಿದ್ಯೆಗೆ ಯಾವ ತರಬೇತಿ ಕೇಂದ್ರವೂ ಸಾಟಿಯಲ್ಲ. ಒಲೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಗಾಜು, ಅದರ ಹಿಂದೆ ಶಾಖ ಅಳೆಯುವ ಕಡ್ಡಿ. ಅವನಿಗೆ ಅಕ್ಷರ ಬಾರದಿದ್ದರೂ ಆ ಕಡ್ಡಿಯಲ್ಲಿ ಪಾದರಸ ಎಲ್ಲಿರಬೇಕೆಂದು ಚೆನ್ನಾಗಿ ಬರುತ್ತಿತ್ತು. ಹಚ್ಚಿದ ಒಲೆಯ ಕಾವು ಇಳಿದರೆ ಎಲೆ ಕಪ್ಪಾಗುತ್ತದೆ, ವರ್ಷದ ಬೆಳೆ ಮಣ್ಣುಪಾಲಾಗುತ್ತದೆ. ಆದ್ದರಿಂದ ಕಾವು ಇಳಿಯಗೊಡುವುದು ಅವನ ಪಾಲಿಗೆ ಮಹಾಪಾಪ.

ಸೋಮವಾರ ಬೆಳಿಗ್ಗೆ ಮಾವ ಬಂದರು. ಹಿಂದೆ ಟ್ರಂಕು, ಟ್ರಂಕಿನ ಹಿಂದೆ ತಲೆ ತಗ್ಗಿಸಿ ನಗುತ್ತಿದ್ದ ಗಿರಿಜೆ. ಬಾಗಿಲು ತೆರೆದು ಒಳಗೆ ಹೋದೆವು. ಒಳಗೆ ಬೆಚ್ಚಗಿತ್ತು, ಚೈತ್ರದ ಬಿಸಿಲಲ್ಲವೇ ಎಂದುಕೊಂಡೆವು. ಬಾಗಿಲು ತೆರೆದದ್ದಕ್ಕೆ ಆಚೆ ಪಾದರಸ ಒಂದು ಗೆರೆ ಇಳಿಯಿತು. ಜವರಯ್ಯ ಗಾಜಿನಲ್ಲಿ ಇಣುಕಿದ. ಕಡ್ಡಿ ಕಂಡಿತು, ನಾವು ಕಾಣಲಿಲ್ಲ. ಒಲೆಗೆ ಒಂದು ಕೊರಡು ತಳ್ಳಿದ.

ಗಿರಿಜೆ ಹಾಲಿನ ಪಾತ್ರೆಯನ್ನು ಕಬ್ಬಿಣದ ಕೊಳವೆಯ ಮೇಲಿಟ್ಟು, ಮೂರು ಇಟ್ಟಿಗೆ ಹೂಡಿ ಒಲೆ ಹಚ್ಚಲು ಕೂತಳು. ಹಸಿ ನೆಲ, ಹಸಿ ಸೌದೆ, ಒಲೆ ಹತ್ತಲಿಲ್ಲ. ಮಾವ ನಿಂತಲ್ಲೇ ತಲೆಯೆತ್ತಿ ಗಳುಗಳನ್ನು ನೋಡುತ್ತ, "ಇದೇನ್ರೀ, ಮನೆ ಮ್ಯಾಕೋಗ್ಬುಟ್ಟದೆ, ಅಗಲಕ್ಕೆ ಬರ್ನೇ ಇಲ್ಲ? ನಮ್ ಕೆ.ಆರ್. ನಗರದಲ್ಲಾದ್ರೆ..." ಎಂದು ಶುರುಮಾಡಿದರು. ಕೆ.ಆರ್. ನಗರದ ರಸ್ತೆ, ಕೆ.ಆರ್. ನಗರದ ನೀರು, ಕೆ.ಆರ್. ನಗರದ ಗಾಳಿ ಎಂದು ಹೇಳುತ್ತ ಹೋದಂತೆ ಅವರ ಹಣೆಯಲ್ಲಿ ಬೆವರು ಮೂಡಿತು. ನಾನು ಗಾಳಿಗೆಂದು ಬಾಗಿಲು ಅಗಲಿಸಿದೆ. ಪಾದರಸ ಇಳಿಯಿತು. ಆಚೆ ಇನ್ನೊಂದು ಕೊರಡು. ಸೆಖೆ ಹೆಚ್ಚಿತು, ಬಾಗಿಲನ್ನು ಪೂರ್ತಿ ತೆರೆದೆ. ಜವರಯ್ಯನಿಗೆ ಗಾಬರಿಯಾಗಿರಬೇಕು, ಎರಡು ಕೊರಡು ಒಟ್ಟಿಗೇ ನೂಕಿದ. ನಾವು ತಣ್ಣಗಾಗಲು ಮಾಡಿದ್ದೆಲ್ಲ ಬೆಂಕಿಗೆ ಸೌದೆಯಾಯಿತು. ಹುಣಸೂರಿನ ಬಾಡಿಗೆಯೂ ಏರಿದ್ದು ಇದೇ ರೀತಿ ಎಂದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ಈಗ ಗಳುಗಳಿಗೆ ಮೆತ್ತಿದ್ದ ಹಳೆಯ ಎಲೆಯ ಅಂಟು ಕರಗಿ ವಾಸನೆ ಬಿಟ್ಟಿತು. ಸಿಹಿ, ಖಾರ, ಒಣಹುಲ್ಲು, ಬೆಲ್ಲ, ಎಲ್ಲ ಕೂಡಿದ ವಾಸನೆ. ನನ್ನ ತಲೆ ಹಗುರವಾಗಿ ಮೇಲಿನ ಗಳುವಿಗೆ ಹೋಗಿ ಕೂತಂತಾಯಿತು. ಮಾವನ ಕೆ.ಆರ್. ನಗರ ಸ್ವಲ್ಪ ತೊದಲತೊಡಗಿತು. ಅವರು ಗೋಡೆ ಹಿಡಿದುಕೊಂಡು, ಸುಣ್ಣವಾದ ಅಂಗೈ ನೋಡಿ ಕಿಸಕ್ಕೆಂದು ನಕ್ಕರು. ಮಾವ ನಕ್ಕದ್ದನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ನಗುವನ್ನು ನುಂಗಿಕೊಂಡು ಟ್ರಂಕಿನ ಕೊಂಡಿಗೆ ಕೈ ಹಾಕಿದರು.

"ಆಗಕಿಲ್ಲ ಕಣ್ರೀ. ಇದು ಮನೆಯಲ್ಲ, ಕುಲುಮೆ. ಏಳು ಗಿರಿಜಾ, ಸಂಜೆ ಬಸ್ಸಿನ್ಗಂಟ ಕಾಯಾದು ಬ್ಯಾಡ."

ಟ್ರಂಕು ಮೇಲೇಳದಂತೆ ನಾನು ಅದರ ಮೇಲೆ ಕೂತುಬಿಟ್ಟೆ. ತಲೆ ಮಾತ್ರ ಇನ್ನೂ ಗಳುವಿನ ಮೇಲೆಯೇ ಇತ್ತು. ಬಾಯಿ ತೆರೆದರೆ ಬೇಡಿಕೆಯ ಬದಲು ನಗು ಬಂತು. ಗಿರಿಜೆ ಏಳಲಿಲ್ಲ. ಅವಳು ಕೊಳವೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ, ಒಲೆಯಿಲ್ಲದೆ, ಊದುವವರಿಲ್ಲದೆ, ಹಾಲು ಬಿಳಿಯಾಗಿ ಮೇಲೆದ್ದು, ಪಾತ್ರೆಯ ಅಂಚನ್ನು ದಾಟಿ, ಸುಯ್ಯೆಂದು ಸುತ್ತಲೂ ಉಕ್ಕಿ ಹರಿಯಿತು.

"ಅಪ್ಪಾಜಿ, ಹಾಲುಕ್ತು!" ಎಂದಳು ಗಿರಿಜೆ.

ಆಮೇಲೆ ಯಾರು ಮೊದಲು ನಕ್ಕರೋ ನೆನಪಿಲ್ಲ. ಗಿರಿಜೆ ಸೆರಗು ಬಾಯಿಗಿಟ್ಟು ನಕ್ಕಳು, ನಾನು ಟ್ರಂಕಿನ ಮೇಲೆ ಕೂತು ನಕ್ಕೆ, ಮಾವ ರುಮಾಲು ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಗುನಗುತ್ತಲೇ ಗಿರಿಜೆ, "ಹಾಲುಕ್ಕಿದ ಮನೇಲಿ ಆ ರಾತ್ರಿ ಮಲಗ್ದೆ ಹೋಗ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಅಪ್ಪಾಜಿ. ನಾನು ಬರಕಿಲ್ಲ" ಎಂದಳು. ಶಾಸ್ತ್ರದ ಮಾತಿಗೆ ಮಾವ ಸೋತರು. ಮದುವೆಯಾದ ಮೇಲೆ ನಾನು ಅವಳನ್ನು ಅಂದಿನಷ್ಟು ಪ್ರೀತಿಸಿದ ದಿನ ಇನ್ನೊಂದಿರಲಿಲ್ಲ.

ಹೊರಗೆ ಓಡಿ ಬಂದು ನೋಡಿದರೆ ಜವರಯ್ಯ ಹೊಸ ಕೊರಡು ಹೊತ್ತು ನಿಂತಿದ್ದಾನೆ. ಒಳಗಿಂದ ಬಂದ ನಮ್ಮನ್ನು ಕಂಡು ಕೊರಡನ್ನು ಅಲ್ಲೇ ಕೆಳಗೆ ಹಾಕಿದ.

"ಅಯ್ಯೋ ಬುದ್ದಿ, ಒಳೀಕೆ ಜನ ಅವ್ರಾ? ಬೆಂಕಿ ಆರ್ಸು ಅಂತ ನಂಗ್ಯಾರೂ ಏಳ್ನಿಲ್ವಲ್ಲಾ! ಕಾವು ಇಳೀತಾನೇ ಅದೆ, ಇಳೀತಾನೇ ಅದೆ, ನಾನಿನ್ನೇನು ಮಾಡ್ಲಿ?"

ಒಲೆಯಿಲ್ಲದೆ ಹಾಲುಕ್ಕಿದ ಮನೆಯ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮರುತಿಂಗಳು ಗುರುಮಲ್ಲಪ್ಪನವರು ಬಂದು, ಕೆಮ್ಮಿ, ಆಕಾಶ ನೋಡಿ, ಬಾಡಿಗೆ ಸ್ವಲ್ಪ ಹೆಚ್ಚು ಮಾಡೋಣವೆಂದಿದ್ದೇನೆ ಎಂದರು. "ಸಾಮಾನ್ಯದ ಮನೆಯಲ್ಲ ಸ್ವಾಮಿ ಇದು, ತಾನಾಗೇ ಹಾಲುಕ್ಕಿದ್ದು!" ನಾನು ಸಿಟ್ಟಿಗೇಳುವ ಮೊದಲೇ ಗಿರಿಜೆ ಒಳಗಿಂದ, "ಆಗ್ಲಿ, ಕೊಡ್ತೀವಿ. ಆದ್ರೆ ಅಷ್ಟು ಕೊಟ್ಟ ಮೇಲೆ ಒಂದು ಕಿಟಕಿ ಬೇಕು" ಎಂದಳು. ಕಿಟಕಿ ಎಷ್ಟರ ಮಾತು ಎಂದು ಗುರುಮಲ್ಲಪ್ಪನವರು ಒಪ್ಪಿಕೊಂಡುಬಿಟ್ಟರು. ಎಲೆ ಬಂದಾಗ ಬಿಟ್ಟುಕೊಡಬೇಕೆಂಬ ಮಾತನ್ನು ಆಗ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ಅಭ್ಯರ್ಥಿಗಳು ಅಲ್ಲಿಯವರೆಗೂ ಯಾರೂ ಕೊಳ್ಳದ ಮುಕ್ಕಾಲಿಗಳನ್ನೇ ಮಾಡುತ್ತಿದ್ದರು. ಅವರ ಕೈಯಿಂದ ಹೊರಬಂದ ಮೊದಲ ನಿಜವಾದ ಕೆಲಸ ಆ ಕಿಟಕಿ. ಮಣ್ಣಿನ ಗೋಡೆ ಕೊರೆದು ಚೌಕಟ್ಟು ಕೂರಿಸಿದಾಗ ಒಳಗೆ ಬೆಳಕು ಬಿತ್ತು, ಗಾಳಿ ಬಂತು, ದೂರದ ನನ್ನ ಬೋರ್ಡು ಸಹ ಕಾಣಿಸಿತು. ಇದನ್ನು ನೋಡಿ ಇನ್ನೂ ಕೆಲವು ಬ್ಯಾರನ್ನಿನವರು ವರ್ಷಪೂರ್ತಿ ಬರುವ ಬಾಡಿಗೆಯ ರುಚಿ ನೆನೆದು ಕಿಟಕಿಗೆ ಹೇಳಿದರು. ನನ್ನ ಅಭ್ಯರ್ಥಿಗಳಿಗೆ ಕೆಲಸ ಸಿಕ್ಕಿತು, ಮನೆಗಳು ಹೆಚ್ಚಾದವು, ಬಾಡಿಗೆಗಳು ನಿಧಾನವಾಗಿ ನೆಲಕ್ಕಿಳಿದವು. ರಾಜ್ಯ ಬೊಂಬಾಯಿಯನ್ನು ಹಿಂದೆ ಹಾಕಿತೋ ಇಲ್ಲವೋ ನಾನರಿಯೆ. ಹುಣಸೂರಿನ ಮಟ್ಟಿಗೆ ಪ್ರಗತಿ ಒಳಗೆ ಬಂದದ್ದು ಬೋರ್ಡಿನಿಂದಲ್ಲ, ಗಿರಿಜೆ ಕೇಳಿದ ಕಿಟಕಿಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಅವಳ ಅಭಿಪ್ರಾಯವೂ ಅದೇ.

ಮಳೆಗಾಲ ಕೂತು ಎಲೆ ಬಲಿತಾಗ ಜವರಯ್ಯ ಒಲೆ ಸರಿಮಾಡಲು ಬಂದ. ಕಿಟಕಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ.

"ಕೆಟ್ಟೋಯ್ತಲ್ಲವ್ವಾ! ಇಂಗೆ ತೂತು ಮಾಡ್ಬುಟ್ರೆ ಕಾವೆಲ್ಲಾ ವೊಂಟೋಯ್ತದೆ!"

"ಹೋದ್ರೆ ಹೋಗ್ಲಿ ಬುಡು ಜವರಯ್ಯ" ಎಂದಳು ಗಿರಿಜೆ, ಕಾಫಿ ಲೋಟ ಕೊಡುತ್ತ. "ನಾವಂತೂ ಎಲ್ಲಿಗೂ ಹೋಗಕಿಲ್ಲ."

ಅವನು ಕಾಫಿ ಕುಡಿದು, ಅಭ್ಯಾಸ ಬಿಡಲಾರದೆ ಹಿಂದಕ್ಕೆ ಹೋಗಿ ಗಾಜಿನಲ್ಲಿ ಇಣುಕಿದ. ಬಹಳ ಹೊತ್ತು ಕಡ್ಡಿಯನ್ನೇ ನೋಡಿದ. ಆಮೇಲೆ ಈ ಕಡೆ ಬಂದು, ವೈದ್ಯರು ನಾಡಿ ಹಿಡಿದು ಹೇಳುವ ಗಾಂಭೀರ್ಯದಲ್ಲಿ ಹೇಳಿದ:

"ಎಲೆಗೆ ಈ ಕಾವು ಸಾಲ್ದು. ಮನುಸರಿಗೆ ಸರಿಯಾಗದೆ. ಇರಿ."